ದನದ ಡಾಕ್ಟ್ರ ಬಿಸಿ ಹ್ಯಾಂಡಲ್

ಚಳಿ ಬಿದ್ದರೆ ಸಾಕು, ದನದ ಡಾಕ್ಟ್ರ ಬಲಗೈಯ ಮೂರು ಬೆರಳುಗಳು ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದವು. ತುದಿಯಿಂದ ಎರಡನೇ ಗೆಣ್ಣಿನವರೆಗೆ, ಯಾರೋ ಗೆರೆ ಎಳೆದು ಬಣ್ಣ ಬಳಿದಂತೆ. ತುಮಕೂರಿನ ಗುಬ್ಬಿ ಗೇಟಿನ ನನ್ನ ಅಂಗಡಿ ಮುಂದೆ ಬೈಕು ನಿಲ್ಲಿಸಿ, ಆ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಣೆಯ ವಿಭೂತಿ ಸುಕ್ಕಾಗುವ ಹಾಗೆ ನಗುತ್ತಾ, "ಸಾಬ್ರೇ, ಒಂದು ಟೀ ಹೇಳಿ. ಕುಡಿಯೋಕಲ್ಲ, ಹಿಡ್ಕೊಳ್ಳೋಕೆ" ಅನ್ನುತ್ತಿದ್ದರು.

ನಾನು ಬೈಕು, ಸ್ಕೂಟರುಗಳ ವೈರಿಂಗ್ ಮಾಡುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಆಮೇಲಿನದೆಲ್ಲ ಕೈಯಿಂದಲೇ ಕಲಿತದ್ದು. ತುಮಕೂರಿನಲ್ಲಿ ಬೇರೆಯವರು ಕೈಚೆಲ್ಲಿದ ಗಾಡಿ ಕೊನೆಗೆ ನನ್ನ ಹತ್ತಿರ ಬರುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಯಾರು ಬೇಕಾದರೂ ಬಂದು ನೋಡಬಹುದು. ನನ್ನ ಕೆಲಸ ಅಂದರೆ ಒಂದು ವೈರೂ ನೇತಾಡಬಾರದು. ಎಲ್ಲವನ್ನೂ ಎಳೆದು, ಜೋಡಿಸಿ, ಪ್ಲಾಸ್ಟಿಕ್ ಪಟ್ಟಿಯ ಟ್ಯಾಗ್ ಹಾಕಿ ಬಿಗಿದರೆ ಗಾಡಿ ಮದುವೆಗೆ ಹೊರಟ ಹಾಗೆ ಕಾಣಬೇಕು.

ಡಾಕ್ಟ್ರು ಕುಣಿಗಲ್, ಗುಬ್ಬಿ ಎಂದು ಸರ್ಕಾರಿ ನೌಕರಿ ಮುಗಿಸಿ, ತುಮಕೂರಿನ ಸದಾಶಿವನಗರದಲ್ಲಿ ಮಗಳ ಜೊತೆ ಇದ್ದರು. ಆದರೆ ರಿಟೈರ್ ಆದ ಸುದ್ದಿ ಹಳ್ಳಿಯ ದನಗಳಿಗೆ ಯಾರೂ ಹೇಳಿರಲಿಲ್ಲ. ಹಾಲು ಕರೆಯುವ ಹೊತ್ತಿಗೆ ಫೋನು ಬರುತ್ತಿತ್ತು, ಇವರು ಬ್ಯಾಗು ನೇತು ಹಾಕಿಕೊಂಡು ಹೊರಡುತ್ತಿದ್ದರು. ಯಾವ ಹಸುವಿನ ಹತ್ತಿರ ಹೋದರೂ ಮೊದಲು ಅಂಗೈಗೆ ಬಾಯಿಯ ಬಿಸಿಯುಸಿರು ಊದಿ, ಉಜ್ಜಿ, ಅದರ ಪಕ್ಕೆಯ ಮೇಲೆ ಇಟ್ಟು ಸುಮ್ಮನೆ ನಿಲ್ಲುವರು. ನಮ್ಮಮ್ಮನ ಮೇಕೆಯನ್ನು ನೋಡಲು ಬಂದಾಗಲೂ ಹಾಗೇ ನಿಂತಿದ್ದರು. "ಏನ್ ಸಾರ್, ಮಂತ್ರಾನಾ?" ಎಂದು ಕೇಳಿದೆ. "ಥತ್, ಮಂತ್ರ ಅಲ್ಲ. ಬರ್ಲಾ ಅಂತ ಕೇಳ್ತಾ ಇದೀನಿ. ತಣ್ಣನೆ ಕೈ ಇಟ್ರೆ ನೀವೂ ಒದೀತೀರ" ಅಂದರು.

ಅಂಥ ಕೈ ತಣ್ಣಗಾಗತೊಡಗಿದ್ದು ಎಂಥ ಸಂಕಟವೋ ನೋಡಿ. ಹಿಂದಿನ ಚಳಿಗಾಲದಲ್ಲಿ ಒಂದು ಮನೆಯಲ್ಲಿ ಹಸು ಈಯಲಾರದೆ ಬಿದ್ದಿತ್ತು. ಹದಿನೈದು ಮೈಲಿ ಗಾಳಿಯಲ್ಲಿ ಬಂದ ಬೆರಳುಗಳಿಗೆ ಒಳಗಿರುವುದು ಕರುವಿನ ಮುಂಗಾಲೋ ಹಿಂಗಾಲೋ ತಿಳಿಯಲಿಲ್ಲ. ಬೆರಳಿಗೆ ಜೀವ ಬರುವಷ್ಟರಲ್ಲಿ ಕರುವಿನ ಜೀವ ಹೋಗಿತ್ತು. ಅದನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು, ನಗದೆ ಹೇಳಿದ್ದೂ ಅದೊಂದನ್ನೇ. "ಈ ಒಂದು ಚಳಿಗಾಲ ನೋಡ್ತೀನಿ. ಬೆರಳು ಮಾತು ಕೇಳ್ಲಿಲ್ಲ ಅಂದ್ರೆ ಮುಗೀತು, ಇನ್ನು ಹಳ್ಳಿಗೆ ಹೋಗಲ್ಲ."

"ಗ್ಲೌಸ್ ಹಾಕ್ಕೊಳ್ಳಿ ಸಾರ್."

"ಹಾಕ್ಕೊಂಡ್ರೂ ಬೆಳ್ಳಗಾಗ್ತವೆ ಕಣ್ರೀ. ಅದ್ರಲ್ಲೂ ಎರಡು ಜೊತೆ ಎಲ್ಲೋ ಬಿಟ್ಟೆ, ಇನ್ನೊಂದ್ನ ಎಮ್ಮೆ ತಿಂತು."

ಕಾರ್ತಿಕ ಕಳೆಯುವ ಹೊತ್ತಿಗೆ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಎರಡು ದಪ್ಪ ಹ್ಯಾಂಡಲ್ ಗ್ರಿಪ್ಪು, ಅವುಗಳಿಂದ ಹೊರಟ ವೈರು, ಒಂದು ಪುಟ್ಟ ಸ್ವಿಚ್ಚು. ಕರೆಂಟು ಹರಿದರೆ ಗ್ರಿಪ್ಪು ಬಿಸಿಯಾಗುತ್ತದೆ. ಹಿಮದ ಕಡೆ ಬೈಕಿನಲ್ಲಿ ತಿರುಗುವವರು ಹಾಕಿಸುತ್ತಾರಂತೆ, ಫೋನಿನಲ್ಲಿ ನೋಡಿ ತರಿಸಿದ್ದರು.

"ಇದು ಗೊತ್ತಾ ಸಾಬ್ರೇ?"

ನಾನು ಜನ್ಮದಲ್ಲಿ ಕಂಡಿರಲಿಲ್ಲ. "ಹತ್ತು ಹಾಕಿದೀನಿ ಸಾರ್" ಅಂದೆ.

ಡಬ್ಬಿಯಲ್ಲಿ ಇಂಗ್ಲಿಷಿನ ಕಾಗದವೊಂದು ಮಡಚಿಕೊಂಡಿತ್ತು. ಅವರು ಬಿಡಿಸಲು ಹೋದಾಗ, "ಕೆಲ್ಸ ಗೊತ್ತಿರೋರಿಗೆ ಪೇಪರ್ ಯಾಕೆ ಸಾರ್, ಈ ಕಡೆ ಕೊಡಿ, ಗ್ರೀಸ್ ಒರೆಸ್ಕೋತೀನಿ" ಎಂದು ಕೈ ಚಾಚಿದೆ. ಅವರು ನನ್ನ ಮುಖ ನೋಡಿದರು. ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಎರಡು ಗಂಟೆಯಲ್ಲಿ ಮುಗಿಸಿದೆ. ವೈರುಗಳನ್ನು ಹ್ಯಾಂಡಲ್ಲಿಗೆ ಅಂಟಿಸಿದಂತೆ ಎಳೆದು ಟ್ಯಾಗ್ ಬಿಗಿದೆ, ಮತ್ತೊಂದು ತುದಿಯನ್ನು ನೇರವಾಗಿ ಬ್ಯಾಟರಿಗೆ ಕೊಟ್ಟೆ. ಡಾಕ್ಟ್ರು ಗ್ರಿಪ್ಪು ಹಿಡಿದರು. ಸ್ವಲ್ಪ ಹೊತ್ತಿಗೆ ಅವರ ಮುಖ, ಈದ್ ಹಬ್ಬದ ಬೆಳಿಗ್ಗೆ ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಮುಖವಾಯಿತು. "ಅಯ್ಯಯ್ಯೋ ಸಾಬ್ರೇ, ಬಿಸಿ ರೊಟ್ಟಿ ಹಿಡ್ಕೊಂಡಂಗದೆ!"

ಮಾರನೇ ದಿನ ಬೆಳಗಿನ ನಮಾಜು ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ, ಫೋನು ಬಂತು.

"ಸಾಬ್ರೇ, ಕೈ ಬೆಚ್ಚಗದೆ, ಸೊಗಸಾಗದೆ. ಆದ್ರೆ ನಾನು ಹೆಬ್ಬೂರಲ್ಲಿ ಒಂದು ಹುಲ್ಲಿನ ಮೆದೆಯೊಳಗಿದೀನಿ."

ಸ್ಕೂಟರು ಹತ್ತಿ ಓಡಿದೆ. ದಾರಿಯುದ್ದಕ್ಕೂ ಅಲ್ಲಾಹನಿಗೆ ಏನೇನು ಮಾತು ಕೊಟ್ಟೆನೋ ಲೆಕ್ಕವಿಲ್ಲ. ಹೋಗಿ ನೋಡಿದರೆ ಡಾಕ್ಟ್ರು ಒಂದು ಮನೆಯ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು, ತಲೆ ತುಂಬ ರಾಗಿ ಹುಲ್ಲು. ಬೈಕು ಮೆದೆಯಲ್ಲಿ ಅರ್ಧ ಹೂತಿತ್ತು. ಮನೆಯ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನೀನೇ ಏನಪ್ಪಾ ಬಿಸಿ ಕೊಟ್ಟೋನು? ಡಾಕ್ಟ್ರಿಗೆ ಬಿಸಿ ಕೊಡು ಅಂದ್ರೆ ಗಾಡಿಗೆ ದೆವ್ವ ಹಿಡಿಸಿದ್ದೀಯಲ್ಲಾ! ಮೆದೆ ಇಲ್ದಿದ್ರೆ ನಮ್ ಬಾವಿನೇ ಗತಿ."

ಬೈಕನ್ನು ಎಳೆದು ನೋಡಿದೆ. ನೋಡಿದ ತಕ್ಷಣ ತಿಳಿಯಿತು. ಬಲಗಡೆಯ ಗ್ರಿಪ್ಪು ಆಕ್ಸಿಲರೇಟರ್ ಜೊತೆ ತಿರುಗುತ್ತದೆ, ಅದರ ವೈರಿಗೆ ಸಡಿಲ ಬೇಕು. ನಾನು ಚೆಂದ ಕಾಣಲೆಂದು ಬಿಗಿದಿದ್ದೆ. ಇವರು ಪೂರಾ ತಿರುಗಿಸಿದಾಗ ವೈರು ಸ್ವಿಚ್ಚಿನ ಡಬ್ಬಿಯ ಮೂಲೆ ಹತ್ತಿ ಸಿಕ್ಕಿಕೊಂಡಿದೆ, ಆಕ್ಸಿಲರೇಟರ್ ವಾಪಸು ಬಂದಿಲ್ಲ. ನನ್ನ ಕೆಲಸದ ಅಂದವೇ ಆ ಮನುಷ್ಯನನ್ನು ಕೊಲ್ಲುವುದರಲ್ಲಿತ್ತು.

ಕಟ್ಟರ್ ತೆಗೆದು ಟ್ಯಾಗ್ ಕತ್ತರಿಸಿದೆ. ಡಾಕ್ಟ್ರು ಬೈದಿದ್ದರೆ ನಾನೂ ಏನಾದರೂ ಅಂದು ಬಿಡುತ್ತಿದ್ದೆನೇನೋ, ನನ್ನ ಬಾಯಿ ಅಂಥದ್ದು. ಅವರು ಬೈಯಲಿಲ್ಲ. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕತ್ತರಿಸಿದ ಟ್ಯಾಗನ್ನು ಎತ್ತಿಕೊಂಡು, "ಹತ್ತು ಹಾಕಿದೀನಿ ಅಂದ್ರಲ್ಲ, ಆ ಹತ್ತು ಜನ ಈಗ ಎಲ್ಲವ್ರೆ?" ಅಂದರು.

ಅಜ್ಜಿ ಕಿಸಕ್ಕನೆ ನಕ್ಕಳು. ನನಗೆ ಅಳು, ನಗು ಒಟ್ಟಿಗೇ ಬಂತು. "ಒಂದೂ ಹಾಕಿಲ್ಲ ಸಾರ್. ಆ ಪೇಪರ್ ಓದೋಕೆ ನಂಗೆ ಇಂಗ್ಲಿಷೂ ಬರಲ್ಲ" ಅಂದೆ. ಇಪ್ಪತ್ತೈದು ವರ್ಷ ಯಾರ ಮುಂದೆಯೂ ಆಡದ ಮಾತು ಅದು.

"ಗೊತ್ತಿತ್ತು ಕಣ್ರೀ. ನಾನೂ ತಪ್ಪು ಮಾಡ್ದೆ, ನಿನ್ನೆನೇ ಓದಿ ಹೇಳ್ಬೇಕಿತ್ತು. ನೀವು ಬೇಜಾರ್ ಮಾಡ್ಕೋತೀರ ಅಂತ ಸುಮ್ನಾದೆ." ಜೇಬಿನಿಂದ ಕಾಗದ ತೆಗೆದು ಕನ್ನಡಕ ಏರಿಸಿದರು. "ಈಗ ನಾನು ಓದ್ತೀನಿ, ನೀವು ಅರ್ಥ ಹೇಳಿ."

ಆ ಜಗಲಿಯ ಮೇಲೆ ಮೂರು ಗಂಟೆ ಕೂತೆವು. ಅವರು ಒಂದು ಸಾಲು ಓದಿ ಕನ್ನಡದಲ್ಲಿ ಹೇಳುವರು, ನಾನು ಅದನ್ನು ಗಾಡಿಯಲ್ಲಿ ಹುಡುಕಿ ತೋರಿಸುವೆ. ಇಂಗ್ಲಿಷು ಅವರದು, ಗಾಡಿ ನನ್ನದು. ನೇರ ಬ್ಯಾಟರಿಗೆ ಕೊಡಬೇಡಿ, ನಡುವೆ ರಿಲೇ ಹಾಕಿ ಎಂದಿತ್ತು.

"ರಿಲೇ ಅಂದ್ರೇನ್ರೀ? ನಮ್ ಕಾಲೇಜಲ್ಲಿ ಕೋಲು ಹಿಡ್ಕೊಂಡು ಓಡ್ತಿದ್ವಿ."

"ಇದೂ ಅದೇ ಸಾರ್. ಕೀ ಆನ್ ಮಾಡಿದ್ರೆ ಬ್ಯಾಟ್ರಿ ಕೋಲು ಕೊಡ್ತದೆ, ಆಫ್ ಮಾಡಿದ್ರೆ ಕಿತ್ಕೋತದೆ. ಇಲ್ದಿದ್ರೆ ನೀವು ಸ್ವಿಚ್ ಮರೆತು ಮಲಗಿದ್ರೆ ಬೆಳಿಗ್ಗೆ ಗಾಡಿ ಏಳಲ್ಲ."

"ಓಹೋ! ಪೇಪರಿಗಿಂತ ನೀವು ಚೆನ್ನಾಗಿ ಹೇಳ್ತೀರಪ್ಪ."

ಆ ಮಾತು ನನ್ನ ಎದೆಯೊಳಗೆ ಎಷ್ಟು ಬೆಚ್ಚಗೆ ಕೂತಿತು ಎಂದು ಅವರಿಗೆ ಗೊತ್ತಿರಲಿಲ್ಲ. ಹಾರ್ನಿಗೆಂದು ಇಟ್ಟಿದ್ದ ರಿಲೇ ನನ್ನ ಡಿಕ್ಕಿಯಲ್ಲಿತ್ತು, ಹಾಕಿದೆ. ಬಲಗಡೆಯ ವೈರಿಗೆ ಒಂದು ಸುತ್ತು ಸಡಿಲ ಬಿಟ್ಟೆ. ನನ್ನ ಕಣ್ಣಿಗೆ ಅದು ಅಸಹ್ಯವಾಗಿ ನೇತಾಡುತ್ತಿತ್ತು. ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ಪೂರಾ ತಿರುಗಿಸಿ ಐವತ್ತು ಸಲ ಆಕ್ಸಿಲರೇಟರ್ ಬಿಟ್ಟು ನೋಡಿದೆವು. ಪ್ರತಿ ಸಲವೂ ಟಪ್ ಎಂದು ವಾಪಸು ಬಂತು.

ಅಷ್ಟರಲ್ಲಿ ಅಜ್ಜಿಯ ಮೊಮ್ಮಗಳು ಮೆದೆಯೊಳಗಿನ ಡಾಕ್ಟ್ರ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ, ಅದು ತುಮಕೂರು ತಲುಪಿತ್ತು. ಮಗಳ ಫೋನು. ಆಕೆ ಕಾಲೇಜಿನಲ್ಲಿ ಪಾಠ ಮಾಡುವವರು, ದನಿ ಸ್ಪೀಕರ್ ಇಲ್ಲದೆಯೇ ಕೇಳುತ್ತಿತ್ತು. "ಸಾಕು ಅಪ್ಪ, ಇವತ್ತೇ ಗಾಡಿ ಮಾರ್ತೀನಿ." ಡಾಕ್ಟ್ರು ಬಹಳ ವಿನಯದಿಂದ, "ಆಗ್ಲಮ್ಮ. ಒಂದೇ ಒಂದ್ ಸಲ ನೋಡೋಣ, ಸಾಬ್ರೇ ಹಿಂದೆ ಕೂತ್ಕೊಂಡು ಬರ್ತಾರಂತೆ" ಅಂದರು. ನಾನು ಹಾಗೆ ಅಂದೇ ಇರಲಿಲ್ಲ. ಆಕೆ ಫೋನು ನನ್ನ ಕೈಗೆ ಕೊಡಿಸಿ, "ನೀವು ಕೂರೋದಾದ್ರೆ ಸರಿ. ನಿಮ್ಮ ಕೆಲ್ಸದ ಮೇಲೆ ನಿಮಗೇ ಎಷ್ಟು ನಂಬಿಕೆ ಇದೆ ನೋಡೋಣ" ಅಂದರು.

ಆ ವಾರವೇ ನಿಟ್ಟೂರಿನಿಂದ ಕರೆ ಬಂತು. ಬೆಳಗಿನ ಜಾವ, ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪವೂ ಕಾಣದು. ಹಿಂದೆ ಕೂತ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಮುಂದೆ ಕೂತವರು ಗುಬ್ಬಿ ದಾಟುವವರೆಗೂ ಹಾಡು ಗುನುಗುತ್ತಿದ್ದರು. ಕೊಟ್ಟಿಗೆಯ ಬಲ್ಬಿನ ಕೆಳಗೆ ಅವರ ಬೆರಳು ನೋಡಿದೆ. ಮೂರೂ ಕೆಂಪಗೆ, ಮದರಂಗಿ ತೊಳೆದ ಹಾಗಿದ್ದವು.

ಅವರು ಹಸುವಿನ ಪಕ್ಕೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ತೋಳಿಗೆ ಸೋಪು ಹಚ್ಚಿ ಕೈ ಒಳಗೆ ಹಾಕಿ ಕಣ್ಣು ಮುಚ್ಚಿದರು. ಮನೆಯ ಯಜಮಾನ ಹಸುವಿನ ಹಗ್ಗ ಹಿಡಿದಿದ್ದ, ನಾನು ಬಾಲ ಹಿಡಿದಿದ್ದೆ. "ಮುಂಗಾಲು" ಅಂದರು ಮೆಲ್ಲಗೆ. "ಒಂದು ಮಡಚ್ಕೊಂಡದೆ, ಇಗೋ ಗೊರಸು ಸಿಕ್ತು." ಸ್ವಲ್ಪ ಹೊತ್ತು ಒದ್ದಾಡಿ, ತಿರುಗಿಸಿ, ಎಳೆದರು. ಹೆಣ್ಣುಗರು, ಹಣೆಯಲ್ಲಿ ಬಿಳಿ ಚುಕ್ಕೆ, ಬಿದ್ದ ಗಳಿಗೆಯಲ್ಲೇ ಸೀನಿತು.

"ಏನ್ ಕೈ ಡಾಕ್ಟ್ರೇ ನಿಮ್ದು!" ಎಂದು ಯಜಮಾನ ಕಾಲಿಗೆ ಬೀಳಲು ಬಂದ. ಡಾಕ್ಟ್ರು ಅವನನ್ನು ನನ್ನ ಕಡೆ ತಿರುಗಿಸಿದರು. "ನನ್ ಕೈ ಹೋದ ವರ್ಷನೇ ಹೋಗಿತ್ತು ಕಣಪ್ಪ. ಈಗಿರೋದು ಇವ್ರು ಕೊಟ್ಟಿದ್ದು." ಎರಡು ದಿನ ಬಿಟ್ಟು ನಿಟ್ಟೂರಿನ ಬಸ್ಸಿನಲ್ಲಿ ನನ್ನ ಅಂಗಡಿಗೆ ಒಂದು ಸ್ಟೀಲ್ ಡಬ್ಬಿ ತುಂಬ ಗಿಣ್ಣು ಬಂತು. ಅಷ್ಟು ರುಚಿಯ ಗಿಣ್ಣು ನಾನು ತಿಂದಿಲ್ಲ.

ಆಮೇಲೆ ನಾಲ್ಕು ಚಳಿಗಾಲ ಅವರು ಓಡಾಡಿದರು. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಂದು ಬೆಳಿಗ್ಗೆಯೂ ಕುಣಿಗಲ್ ರಸ್ತೆಯ ಹಳ್ಳಿಯಲ್ಲಿ ಎಮ್ಮೆ ನೋಡಿ ಬಂದಿದ್ದರು. ಮಣ್ಣಿಗೆ ಹೋಗಿ ಬಂದು ನಾನು ಅಂಗಡಿ ತೆರೆದೆ. ಮುಚ್ಚಿ ಕೂತರೆ ಅವರಿಗೆ ಸರಿಹೋಗುತ್ತಿರಲಿಲ್ಲ.

ಹೋದ ವಾರ ಸೂಟು ಬೂಟಿನ ಒಬ್ಬರು ದೊಡ್ಡ ಬೈಕು ತಂದರು, ಯಾವುದೋ ಹೊಸ ನಮೂನೆಯ ದೀಪ ಹಾಕಬೇಕಂತೆ. ನಾನು ಸ್ಟೂಲು ಎಳೆದು ಹಾಕಿ, ಡಬ್ಬಿಯ ಕಾಗದ ತೆಗೆದು ಅವರ ಕೈಗೆ ಕೊಟ್ಟೆ.

"ಸಾರ್, ನಿಧಾನಕ್ಕೆ ಓದಿ ಹೇಳಿ."

ಅವರು ಹುಬ್ಬೇರಿಸಿದರು. "ಯಾಕ್ರೀ, ನಿಮಗೆ ಇಂಗ್ಲಿಷ್ ಬರಲ್ವಾ?"

"ಬರಲ್ಲ ಸಾರ್" ಅಂದೆ. "ವೈರಿಂಗ್ ಬರ್ತದೆ. ಓದಿ."