ಕೆಂಪು ಗಾಜಿನ ಅಂಚು

ಸವಣೂರಿನ ನಮ್ಮ ಮನೆಯ ತಲೆಬಾಗಿಲ ಮೇಲೆ ಬಣ್ಣದ ಗಾಜಿನ ಅರ್ಧಚಂದ್ರದ ಕಿಟಕಿಯಿದೆ. ಊರಲ್ಲಿ ಹಳೆಯ ವಾಡೆಯೊಂದನ್ನು ಕೆಡವುತ್ತಿದ್ದಾಗ ಮಾವನವರು ಅದನ್ನು ಕೊಂಡು, ಚಕ್ಕಡಿಯಲ್ಲಿ ಹುಲ್ಲು ಹಾಸಿ ತಂದು ಕೂರಿಸಿದ್ದರು. ಅವರು ತೀರಿಕೊಂಡ ಮೇಲೂ ಅತ್ತೆ ಮಧ್ಯಾಹ್ನ ಅದರ ಕೆಳಗೇ ಕೂತು ತೋಟದ ವೀಳ್ಯದೆಲೆಗಳನ್ನು ಹೊಂದಿಸಿ ಕಟ್ಟು ಕಟ್ಟುತ್ತಿದ್ದರು. ಹೋದ ಬೇಸಿಗೆಯಲ್ಲಿ ಮಂಗವೊಂದು ಆ ಕಿಟಕಿಗೆ ಹಾರಿತು. ಅತ್ತೆ ಆಗಷ್ಟೇ ಊಟಕ್ಕೆ ಎದ್ದಿದ್ದರು, ಪುಣ್ಯ. ಹಸಿರು, ಹಳದಿ, ನೀಲಿ ಎಲ್ಲ ಪುಡಿಪುಡಿ. ನಡುವಿನ ಕೆಂಪು ಗಾಜು ಮಾತ್ರ ಒಂದು ಮೂಲೆ ಮುರಿದುಕೊಂಡು ಎಲೆಯ ಬುಟ್ಟಿಯಲ್ಲಿ ಬಿದ್ದು ಉಳಿಯಿತು.

ಬಣ್ಣದ ಗಾಜು ಕತ್ತರಿಸಿ ಜೋಡಿಸುವ ಹುಚ್ಚು ನನಗೆ ಕೆಲವು ವರ್ಷಗಳದ್ದು. ಕಿಟಕಿಯನ್ನು ನಾನೇ ಮತ್ತೆ ಮಾಡುತ್ತೇನೆ ಎಂದು ಜಂಬದಿಂದ ಹೇಳಿಬಿಟ್ಟೆ. ಉಳಿದ ಬಣ್ಣಗಳು ಹುಬ್ಬಳ್ಳಿಯಲ್ಲಿ ಸಿಕ್ಕವು, ಆ ಕೆಂಪು ಎಲ್ಲೂ ಸಿಗಲಿಲ್ಲ. ಇದ್ದ ಒಂದೇ ತುಂಡು ಹೊಸ ಚೌಕಟ್ಟಿಗೆ ಕೂಡಬೇಕಾದರೆ ಸುತ್ತಲೂ ಒಂದಿಷ್ಟು ಸವೆಯಬೇಕಿತ್ತು. ಉಜ್ಜುಗಲ್ಲಿನಿಂದ ಕೈಯಲ್ಲಿ ತಿಕ್ಕಲು ನನಗೆ ಧೈರ್ಯ ಸಾಲದು. ಗಾಜಿನ ಅಂಚು ಸವೆಸುವ ಗ್ರೈಂಡರ್ ತರುತ್ತೇನೆ ಎಂದೆ.

"ಒಡದ್ರ?" ಅಂದರು ಅತ್ತೆ.

"ಒಡ್ಯೂದಿಲ್ರಿ ಅತ್ತಿ."

"ಒಡದ್ರ ಅಂತ ಕೇಳಾಕತ್ತೇನಿ. ಅವರು ತಂದಿದ್ದು ಅದೊಂದ ಉಳದೈತಿ."

ಮೊದಲು ಬೇರೆ ಗಾಜಿನ ಮೇಲೆ ನೋಡಿ ಬರೋಣವೆಂದು ಎರಡು ತುಂಡು ಚೀಲಕ್ಕೆ ಹಾಕಿಕೊಂಡೆ.

ಹಿರೇಕೆರೂರಿನ ಗೆಳತಿಯೊಬ್ಬಳ ಹತ್ತಿರ ದೊಡ್ಡ ಗ್ರೈಂಡರ್ ಇತ್ತು. ಪೆಟ್ಟಿಗೆಯ ಮೇಲೆ ಜಾಲರಿ, ನಡುವೆ ಹೆಬ್ಬೆರಳ ಗಾತ್ರದ ತಿರುಗುವ ಗುಂಡು, ಗುಂಡಿಗೆ ವಜ್ರದ ಪುಡಿಯ ಲೇಪ, ಹಿಂದೆ ನೀರುಂಡ ಸ್ಪಂಜು. ಗಾಜಿನ ತುಂಡೊಂದನ್ನು ತಾಗಿಸಿದೆ. ಗರ್ರ್ ಎಂದು ಕ್ಷಣದಲ್ಲಿ ಸವೆದುಹೋಯಿತು. ನನಗೆ ಪ್ರೀತಿಯೇ ಹುಟ್ಟಿತು. ಬರುವಾಗ ಹಾನಗಲ್ಲಿನಲ್ಲಿ ಇಳಿದೆ. ಅಲ್ಲಿ ನಿವೃತ್ತ ಚಿತ್ರಕಲಾ ಟೀಚರ್ ಒಬ್ಬರ ಹತ್ತಿರ ಸಣ್ಣದೊಂದಿತ್ತು, ಗುಂಡಿನ ವಜ್ರದ ಪುಡಿಯೂ ಬಹಳ ನುಣುಪು. ಇನ್ನೊಂದು ತುಂಡನ್ನು ಅದಕ್ಕೆ ಹಿಡಿದೆ. ಅವರು ಚಹಾ ಮಾಡಿ ತಂದರೂ ನನ್ನ ಒಂದು ಅಂಚು ಮುಗಿದಿರಲಿಲ್ಲ. ಮನಸ್ಸಿನಲ್ಲೇ ದೊಡ್ಡದನ್ನು ಖಾಯಂ ಮಾಡಿಕೊಂಡು ಬಸ್ಸು ಹತ್ತಿದೆ.

ಆದರೂ ಅತ್ತೆಯನ್ನು ಒಪ್ಪಿಸಬೇಕಲ್ಲ. ಅವರು ಬಳೆ ಆರಿಸುತ್ತಿದ್ದುದು ನೆನಪಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಬಳೆಗಾರ ಕಟ್ಟೆಯ ಮೇಲೆ ಬಳೆಗಳ ಮಲಾರ ಬಿಚ್ಚಿದರೆ, ಅತ್ತೆ ಬಣ್ಣ ನೋಡುವ ಮೊದಲು ಬಳೆಯ ಅಂಚನ್ನು ಮುಂಗೈಯ ಒಳಬದಿಗೆ ಸವರಿ ನೋಡುತ್ತಿದ್ದರು. ತುಸು ಚುಚ್ಚಿದರೂ ವಾಪಸ್ಸು. ಮಾವನವರು ಹೋದ ಮೇಲೆ ಬಳೆಗಾರನ ದನಿ ಕೇಳಿದರೆ ಸಾಕು, ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಹೋಗು ಎಂದು ಯಾರೂ ಹೇಳಿರಲಿಲ್ಲ, ಹೋಗಬೇಡ ಎಂದೂ ಯಾರೂ ಹೇಳಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದೆ ಪಾತ್ರೆ ಕುಕ್ಕುತ್ತಿದ್ದೆ.

ಮನೆಗೆ ಬಂದು ಎರಡೂ ತುಂಡುಗಳನ್ನು ಅವರ ಕೈಗೆ ಕೊಟ್ಟೆ. ಯಾವುದು ಯಾವ ಮಷಿನ್ನಿನದು ಎಂದು ಹೇಳಲಿಲ್ಲ. ಅವರು ಒಂದನ್ನು ಬರಿಯ ಮುಂಗೈಗೆ ಸವರಿದರು.

"ಇದು ಕಚ್ಚತೈತಿ." ಇನ್ನೊಂದನ್ನು ಸವರಿದರು. "ಇದು ಭೇಷ್ ಐತಿ."

ಭೇಷ್ ಅನ್ನಿಸಿಕೊಂಡದ್ದು ಹಾನಗಲ್ಲಿನದು. "ಅತ್ತೀ, ಅದು ಭಾಳ ನಿಧಾನರಿ," ಎಂದೆ.

"ಅವಸರ ನಿನಗೈತಿ. ಗಾಜಿಗೇನೈತಿ?"

ಮುಖ ಊದಿಸಿಕೊಂಡೇ ಸಣ್ಣದನ್ನು ತರಿಸಿದೆ. ಕೆಂಪು ಗಾಜು ಹಿಡಿದು ಕೂತ ದಿನ ಅತ್ತೆ ಪಕ್ಕದಲ್ಲೇ ಕೂತು ಸ್ಪಂಜಿಗೆ ನೀರು ಹಾಕುತ್ತಿದ್ದರು. ನಾನು ಚೂರು ಒತ್ತಿದರೆ "ಹಗೂರಕ" ಎನ್ನುವರು. ಮುರಿದ ಮೂಲೆಗೆ ಬಂದಾಗ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಗಾಜು ಒಡೆಯಲಿಲ್ಲ. ಅವರು ಅದನ್ನು ಸೆರಗಿನಲ್ಲಿ ಒರೆಸಿ, ಸುತ್ತಲಿನ ಅಂಚನ್ನೆಲ್ಲ ಮುಂಗೈಗೆ ಸವರಿ ನೋಡಿ "ಕೂಡ್ಸು" ಎಂದರು.

ಶ್ರಾವಣದಲ್ಲಿ ಬಳೆಗಾರ ಬಂದ. ಅತ್ತೆ ಮತ್ತೆ ಕೂರಿಸಿದ ಕಿಟಕಿಯ ಕೆಳಗೆ ಎಲೆ ಹೊಂದಿಸುತ್ತಿದ್ದರು. ಅವನ ದನಿ ಕೇಳಿ ಎಂದಿನಂತೆ ನೆಲಕ್ಕೆ ಕೈಯೂರಿ ಏಳಲು ಹೋದರು. ಏಳಲಿಲ್ಲ.

"ಇಲ್ಲೇ ಒಳಗ ಕರಿ ಅವನ್ನ. ನಿನಗ ಆರಸಾಕ ಬರೂದಿಲ್ಲ," ಎಂದರು.

ಒಂದೊಂದೇ ಬಳೆ ಎತ್ತಿ ಮುಂಗೈಗೆ ಸವರಿ ನೋಡಿ ಹಸಿರು ಬಳೆಗಳನ್ನು ಆರಿಸಿದರು. ಆಮೇಲೆ ನನ್ನ ಕೈ ಎಳೆದುಕೊಂಡು ತಾವೇ ತೊಡಿಸತೊಡಗಿದರು. ಬಳೆಗಾರ ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟು ನೋಡಿದೆ. ಬಾಯಿ ಮುಚ್ಚಿಕೊಂಡು ಇನ್ನೊಂದು ಬಳೆ ಎತ್ತಿ ಅವರ ಕೈಗೆ ಕೊಟ್ಟ.