ಶಮೀಮ್ ಹೆಸರಿನ ಲೈಸೆನ್ಸು

ಜೂನ್ ಆರನೇ ತಾರೀಖು. ಮೋಡ ಕವಿದಿತ್ತು, ಆದರೂ ಸೆಕೆ. ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಘಟಕದ ಲೈಸೆನ್ಸ್ ಕಡತ ಹಿಡಿದು, ರೇಷ್ಮೆ ಇಲಾಖೆಯ ಪರವಾಗಿ ಸಾಕ್ಷಿ ಹೇಳಲು ಚಿಕ್ಕಬಳ್ಳಾಪುರದ ಕೋರ್ಟಿಗೆ ಹೋಗಿದ್ದೆ. ಘಟಕ ನಡೆಸುತ್ತಿದ್ದ ಬಾಬಾಜಾನ್, ಚಿಂತಾಮಣಿ ರಸ್ತೆಯಲ್ಲಿ ಅಡ್ಡಾದಿಡ್ಡಿ ನುಗ್ಗಿದ ಲಾರಿ ಗುದ್ದಿ ತೀರಿಕೊಂಡಿದ್ದರು. ಹೆಂಡತಿ ಶಮೀಮ್ ಪರಿಹಾರ ಕೇಳಿದ್ದರು. ಅದು ಸರಿಯಾಗಿ ಬಂದರೆ ಘಟಕ ಉಳಿಯುತ್ತಿತ್ತು.

ಲಾರಿಯ ವಿಮಾ ಕಂಪನಿಯ ವಕೀಲರು ಕಡತ ತಿರುವಿ ಶಮೀಮ್ ಕಡೆ ನೋಡಿದರು. "ಲೈಸೆನ್ಸು ನಿಮ್ಮ ಹೆಸರಲ್ಲೇ ಇದೆಯಲ್ಲಮ್ಮ. ದುಡಿಯೋರು ನೀವು. ಅವರ ಸಂಪಾದನೆ ಏನು?"

"ಹೆಂಗಸರ ಹೆಸರಿಗೆ ಸಬ್ಸಿಡಿ ಜಾಸ್ತಿ ಅಂತ ಅವರೇ ಬರೆಸಿದ್ದು ಸಾರ್. ಗೂಡು ತರೋದು, ನೂಲು ಮಾರೋದು ಎಲ್ಲಾ ಅವರೇ. ನಾನು ಒಳಗೆ ಹೋಗ್ತಿದ್ದಿದ್ದು ಟೀ ಕೊಡೋಕೆ."

"ಹಾಗಂತ ಇದರಲ್ಲಿ ಬರೆದಿದೆಯಾ?" ವಕೀಲರು ನನ್ನನ್ನು ಕೇಳಿದರು.

ಬರೆದಿಲ್ಲ ಎಂದೆ. ಹೆಂಡತಿಯ ಹೆಸರಲ್ಲಿ ಮಾಡಿಸಿ ಎಂದು ಬಾಬಾಜಾನ್ ಅವರಿಗೆ ಹೇಳಿಕೊಟ್ಟವರು ಯಾರು ಎಂದು ಅವರು ಕೇಳಲಿಲ್ಲ. ನಾನೇ ಎಂದು ನಾನೂ ಹೇಳಲಿಲ್ಲ.

ತೀರ್ಪಾದ ಮೇಲೆ ಶಮೀಮ್ ಲೈಸೆನ್ಸು ವಾಪಸ್ ಕೊಡಲು ನಮ್ಮ ಕಚೇರಿಗೆ ಬಂದರು. ಎಷ್ಟು ಬಂತೆಂದು ವಿಚಾರಿಸಿದೆ.

"ಅವರನ್ನ ನನ್ನ ಹತ್ರ ಇದ್ದ ಕೂಲಿ ಆಳು ಅಂತ ಲೆಕ್ಕ ಹಾಕಿ ಒಂಬತ್ತು ಲಕ್ಷ ಕೊಟ್ರು ಸಾರ್. ಇಪ್ಪತ್ತು ವರ್ಷ ಕೂಲಿ ಕೊಡದೇನೇ ದುಡಿಸ್ಕೊಂಡಿದ್ದೀನಿ ನೋಡಿ."