ಗಾಜಿನ ಮೇಲಿನ ಕುಂಕುಮ

ಹೋದ ವರ್ಷದ ಆಯುಧಪೂಜೆಯಲ್ಲಿ ಪರದೇಶದ ಕೇಟಿ ಎಂಬ ಊರಿನ ನಮ್ಮ ಮನೆಯ ಮುಂದೆ ಕಾರಿಗೆ ಪೂಜೆ ಮಾಡಿದವಳು ಅಮ್ಮ. "ಹೊರಗಿಟ್ರೆ ಮಳೆಗೆ ಹೋಗುತ್ತೆ ಕಣೋ" ಎಂದು ಡ್ರೈವರ್ ಸೀಟಿನಲ್ಲಿ ಕೂತು, ಮುಂದಿನ ಗಾಜಿನ ಒಳಬದಿಗೆ ಗಂಧ ಬಳಿದು ಕುಂಕುಮ ಒತ್ತಿದ್ದಳು. ಎರಡು ತಿಂಗಳಿಗೆ ತೀರಿಕೊಂಡಳು. ಆ ಗುರುತು ಮಾತ್ರ ಉಳಿಯಿತು, ಅವಳ ಬೆರಳಿನ ಗೆರೆಗಳ ಸಮೇತ.

ಈ ವರ್ಷ ಪೂಜೆಗೆ ಕಾರು ತೊಳೆಯುವಾಗ ಹೆಂಡತಿ, "ಕಣ್ಣಿಗೆ ಅಡ್ಡ ಬರುತ್ತಲ್ವಾ, ಒರೆಸಿಬಿಡ್ಲಾ?" ಎಂದಳು. "ಮುಟ್ಟಿದ್ರೆ ನೋಡು!" ಎಂದು ರೇಗಿದೆ.

ಹ್ಯಾಲೋವೀನ್ ಸಂಜೆ ಆಫೀಸಿನಿಂದ ಬರುತ್ತಿದ್ದೆ. ವೇಷ ತೊಟ್ಟ ಮಕ್ಕಳು ಮನೆಮನೆಗೂ ಕ್ಯಾಂಡಿ ಕೇಳುತ್ತ ಬೀದಿ ತುಂಬ ಓಡಾಡುತ್ತಿದ್ದರು. ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದ್ದೆ. ಅಷ್ಟು ಎಚ್ಚರಿಕೆ ಸಾಕೆಂದುಕೊಂಡಿದ್ದೆ. ಎದುರಿನ ಕಾರಿನ ಬೆಳಕು ಬಿದ್ದದ್ದೇ ಗಂಧದ ಕಲೆ ಬೆಳ್ಳಗೆ ಹೊಳೆಯಿತು. ಅದರಾಚೆ ಏನೂ ಕಾಣಲಿಲ್ಲ. ಯಾರೋ ಹೆಂಗಸು ಕಿರುಚಿದಳು. ಬ್ರೇಕ್ ತುಳಿದೆ.

ಬಂಪರಿನಿಂದ ಗೇಣು ದೂರದಲ್ಲಿ ಕಪ್ಪು ಬೆಕ್ಕಿನ ವೇಷದ ಪುಟ್ಟ ಹುಡುಗಿ ನಿಂತಿದ್ದಳು. ಅವಳ ಕೈಜಾರಿದ ಕ್ಯಾಂಡಿ ಬಕೆಟ್ ಕಾರಿನಡಿ ಸಿಕ್ಕಿ ಒಡೆದಿತ್ತು. ಇಳಿದು "ಸಾರಿ" ಅಂದೆ. ಕಿರುಚಿದ ತಾಯಿ ಮಗುವನ್ನು ಎತ್ತಿಕೊಂಡು ಹೋದಳು.

ಕಾರನ್ನು ಅಲ್ಲೇ ಪಕ್ಕಕ್ಕೆ ಹಾಕಿ, ಒದ್ದೆ ಟಿಶ್ಯೂವಿನಿಂದ ಗಾಜು ಒರೆಸಿದೆ. ವರ್ಷದಿಂದ ಒಣಗಿದ ಗಂಧ ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಉಗುರಿನಿಂದ ಕೆರೆದೆ. ರಸ್ತೆ ಪೂರ್ತಿ ಕಾಣಿಸಿತು.

ಮನೆಗೆ ಬಂದು ಕೈ ತೊಳೆಯಲೆಂದು ನಲ್ಲಿ ತಿರುಗಿಸಿದವನು, ಉಗುರಿನ ಸಂದಿಯಲ್ಲಿದ್ದ ಕೆಂಪು ನೋಡಿ ನೀರು ನಿಲ್ಲಿಸಿದೆ.